ಕಾರಿಲ್ಲದ ಕಮರಿ ಮತ್ತು ಆ್ಯಬಿಯ ಸಿಟ್ಟು

ಎಡ್ವರ್ಡ್ ಆ್ಯಬಿಯ ‘ಡೆಸರ್ಟ್ ಸಾಲಿಟೇರ್’ ಓದಿದವರಲ್ಲಿ ನಾನು ಕಂಡಂತೆ ಎರಡು ಪಂಗಡ. ಅವನನ್ನು ಮರುಭೂಮಿಯ ಋಷಿ ಅಂತ ತಲೆ ಮೇಲೆ ಹೊತ್ತು ಮೆರೆಸೋರು ಒಂದು ಕಡೆ, ಸಿಡುಕ ಅಂತ ಅರ್ಧಕ್ಕೇ ಪುಸ್ತಕ ಮುಚ್ಚಿಟ್ಟವರು ಇನ್ನೊಂದು ಕಡೆ. ಇಬ್ಬರೂ ಜಗಳಕ್ಕೆ ನಿಲ್ಲೋದು ಒಂದೇ ಅಧ್ಯಾಯದ ಹತ್ತಿರ. ನ್ಯಾಷನಲ್ ಪಾರ್ಕುಗಳಿಂದ ಕಾರುಗಳನ್ನು ಓಡಿಸಿ ಅಂತ ಅವನು ಕೂಗಾಡುವ ಅಧ್ಯಾಯ ಅದು. ಅಲ್ಲಿ ಹೇಳಿದ್ದನ್ನು ಈಗ ಸೈಕಲ್ ಮೇಲೆ ಕೂತು ಪರೀಕ್ಷೆ ಮಾಡಬಹುದು. ನಾನು ಮಾಡಿದೆ. ನನಗನ್ನಿಸಿದ್ದು: ಅವನು ಕೊಟ್ಟ ಔಷಧಿ ಸರಿ ಇತ್ತು, ಕಾಯಿಲೆಗೆ ಇಟ್ಟ ಹೆಸರು ಮಾತ್ರ ತಪ್ಪು.

ಮೊದಲು ಪುಸ್ತಕದ ಬಗ್ಗೆ ನಾಲ್ಕು ಮಾತು. 1956 ಮತ್ತು 1957ರ ಬೇಸಿಗೆಗಳಲ್ಲಿ ಆ್ಯಬಿ ಅಮೆರಿಕದ ಯೂಟಾ ರಾಜ್ಯದ ಆರ್ಚಸ್‌ನಲ್ಲಿ ರೇಂಜರ್ ಆಗಿದ್ದ. ಆಗ ಅಲ್ಲಿಗೆ ಇದ್ದದ್ದು ಮಣ್ಣಿನ ರಸ್ತೆ. ಟಾರು ಹಾಕೋಕೆ ಸರ್ವೆಯವರು ಬಂದು ಗೂಟ ನೆಟ್ಟು ಹೋದರೆ, ಹಿಂದೆಯೇ ಹೋಗಿ ಅವನ್ನೆಲ್ಲ ಕಿತ್ತೆಸೆದೆ ಅಂತ ಅವನೇ ಬರೆದುಕೊಂಡಿದ್ದಾನೆ. ಪುಸ್ತಕ ಬಂದದ್ದು 1968ರಲ್ಲಿ. ಅದರಲ್ಲಿ ಅವನು ಕೊಡುವ ಯೋಜನೆ ಸರಳ: ಪಾರ್ಕಿನೊಳಗೆ ಖಾಸಗಿ ಕಾರು ಬೇಡ, ಹೊಸ ರಸ್ತೆಯೂ ಬೇಡ. ಈಗಾಗಲೇ ಇರುವ ಟಾರು ರಸ್ತೆಗಳು ಸೈಕಲ್ಲುಗಳಿಗೆ ಮತ್ತು ಶಟಲ್ ಬಸ್ಸಿನಂಥ ಅಗತ್ಯದ ಗಾಡಿಗಳಿಗೆ ಮೀಸಲಾಗಲಿ. ಉಳಿದವರು ನಡೀಲಿ, ಬೇಕಾದರೆ ಕುದುರೆ ಹತ್ತಲಿ.

ಹಾಗಾದರೆ ಮಕ್ಕಳು, ವಯಸ್ಸಾದವರು? ಈ ಪ್ರಶ್ನೆ ಬಂದಾಗ ಅವನ ಹಾಸ್ಯ ಒರಟಾಗುತ್ತದೆ. ಮಕ್ಕಳು ಸ್ವಲ್ಪ ವರ್ಷ ಕಾಯಲಿ, ಬೆಳೆದು ಸೈಕಲ್ ತುಳಿದಾರು. ಮುದುಕರಿಗೆ ಇದನ್ನೆಲ್ಲ ಹಾಳಾಗೋ ಮುಂಚೆ ನೋಡುವ ಅವಕಾಶ ಇತ್ತಲ್ಲ, ಅವರಿಗೇಕೆ ಮರುಕ? ಇದು ಅವನ ಧಾಟಿ. ಕೊನೆಗೆ, ಹೋಗಲಿ ಪಾಪ, ಸೈಕಲ್ ಹತ್ತಲಾಗದವರು ಬಸ್ಸಲ್ಲಿ ಬರಲಿ ಅಂತ ಕೈಬಿಡಿಸಿದ ಹಾಗೆ ಒಂದು ರಿಯಾಯಿತಿ ಕೊಡುತ್ತಾನೆ. ಈ ರಿಯಾಯಿತಿ ನೆನಪಿರಲಿ, ಕಥೆ ಇರೋದೇ ಅಲ್ಲಿ.

ಆ್ಯಬಿ 1989ರಲ್ಲಿ ತೀರಿಕೊಂಡ. ಹನ್ನೊಂದು ವರ್ಷದ ನಂತರ, 2000ದಲ್ಲಿ, ಅದೇ ಯೂಟಾದ ಝಯಾನ್ ಪಾರ್ಕಿನಲ್ಲಿ ಅವನ ಯೋಜನೆ ಹೆಚ್ಚೂಕಡಿಮೆ ಹಾಗೇ ಜಾರಿಗೆ ಬಂತು. ಯಾರೂ ಅವನ ಪುಸ್ತಕ ಹಿಡಿದು ಜಾರಿ ಮಾಡಿದ್ದಲ್ಲ. ಕಮರಿಯೊಳಗೆ ಕಾರು ನಿಲ್ಲಿಸೋಕೆ ಇದ್ದ ಜಾಗ ಕೆಲವೇ ನೂರು, ಬರುತ್ತಿದ್ದ ಕಾರು ಸಾವಿರಗಟ್ಟಲೆ. ಬೇರೆ ದಾರಿ ಉಳಿದಿರಲಿಲ್ಲ ಅಷ್ಟೇ. ಈಗ ವರ್ಷದ ಬಹುಪಾಲು, ಸುಮಾರಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ, ಕಮರಿಯ ಮುಖ್ಯ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ಒಳಗಿರುವ ಲಾಡ್ಜಿನಲ್ಲಿ ರೂಮು ಮಾಡಿದವರಿಗಷ್ಟೇ ವಿನಾಯಿತಿ. ಬಸ್ಸು, ಸೈಕಲ್ಲು, ಕಾಲು, ಈ ಮೂರೇ ದಾರಿ.

ಸ್ಪ್ರಿಂಗ್‌ಡೇಲ್ ಅನ್ನೋ ಪುಟ್ಟ ಊರಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಗೇಟು ದಾಟಿದ ಮೇಲೆ ಮೊದಲು ಪರೂಸ್ ಟ್ರೇಲ್. ಪಯೂಟ್ ಜನರ ಭಾಷೆಯಲ್ಲಿ ಹಾಗಂದರೆ ಗುಳುಗುಳು ಉಕ್ಕುವ ನೀರು. ಝಯಾನ್‌ನಲ್ಲಿ ಸೈಕಲ್ಲಿಗೆ ಬಿಡುವ ಕಾಲುದಾರಿ ಇದೊಂದೇ. ಅದು ಮುಗಿದ ಮೇಲೆ ಸುಮಾರು 10 ಕಿಲೋಮೀಟರ್ ಟಾರು ರಸ್ತೆ, ವರ್ಜಿನ್ ನದಿಯ ಪಕ್ಕದಲ್ಲೇ, ಗೊತ್ತಾಗದಷ್ಟು ನಿಧಾನದ ಏರು. ಎರಡೂ ಕಡೆ 600 ಮೀಟರ್ ಎತ್ತರದ ಕೆಂಪು ಮರಳುಗಲ್ಲಿನ ಗೋಡೆ. ಕಾರಿನ ಕಿಟಕಿಯಲ್ಲಿ ಇಂಥ ಗೋಡೆಯ ಬುಡ ಮಾತ್ರ ಕಾಣುತ್ತದೆ. ಸೈಕಲ್ ಮೇಲೆ ಕೂತು ಕತ್ತೆತ್ತಿದರೆ ತುದಿಯವರೆಗೂ ಕಾಣುತ್ತದೆ. ಜೊತೆಗೆ ಬೇಕಾದಲ್ಲಿ ನಿಲ್ಲಬಹುದು, ಹಿಂದಿನಿಂದ ಯಾರೂ ಹಾರ್ನ್ ಹೊಡೆಯಲ್ಲ.

ಇಲ್ಲಿನ ಒಂದು ನಿಯಮ ನನಗೆ ಬಹಳ ಇಷ್ಟವಾಯಿತು. ಓಡುತ್ತಿರುವ ಸೈಕಲ್ಲನ್ನು ಬಸ್ಸು ಓವರ್‌ಟೇಕ್ ಮಾಡುವಂತಿಲ್ಲ. ಬಸ್ಸು ಹಿಂದೆ ಬಂದರೆ ಸೈಕಲ್ಲಿನವರು ಪಕ್ಕಕ್ಕೆ ಸರಿದು, ಕಾಲೂರಿ ನಿಲ್ಲಬೇಕು. ಆಮೇಲೇ ಬಸ್ಸು ಮುಂದೆ ಹೋಗುತ್ತದೆ. ಬೆಂಗಳೂರಿನಲ್ಲಿ ಸೈಕಲ್ ತುಳಿದವರು ಇದನ್ನು ಎರಡು ಸಲ ಓದಿಕೊಳ್ಳಿ.

ಹಾಗಾದರೆ ಆ್ಯಬಿ ಗೆದ್ದನಾ? ಇಲ್ಲಿ ಲೆಕ್ಕ ತಿರುಗುತ್ತದೆ. ಅವನಿಗೆ ಕಾರಿನ ಮೇಲಿದ್ದ ದೊಡ್ಡ ದೂರು ಏಕಾಂತ ಕೆಡಿಸುತ್ತದೆ ಅನ್ನೋದು. ಮೈ ದಂಡಿಸಿದವರಿಗಷ್ಟೇ ಮರುಭೂಮಿ ದಕ್ಕಬೇಕು ಅನ್ನೋ ಹಟ ಪುಸ್ತಕದ ತುಂಬ ಇದೆ. ಝಯಾನ್‌ನಲ್ಲಿ ಕಾರು ಹೋಯಿತು, ಏಕಾಂತ ಮಾತ್ರ ಬರಲಿಲ್ಲ. 1990ರ ದಶಕದ ಕೊನೆಗೆ ವರ್ಷಕ್ಕೆ 24 ಲಕ್ಷದ ಆಸುಪಾಸು ಇದ್ದ ಭೇಟಿಗಳ ಸಂಖ್ಯೆ 2021ರಲ್ಲಿ 50 ಲಕ್ಷ ದಾಟಿತು. ಏಂಜಲ್ಸ್ ಲ್ಯಾಂಡಿಂಗ್ ಬೆಟ್ಟ ಹತ್ತೋಕೆ 2022ರಿಂದ ಲಾಟರಿಯಲ್ಲಿ ಪರ್ಮಿಟ್ ತಗೋಬೇಕು. ಆದರೂ ರಸ್ತೆಯಲ್ಲಿ ನದಿಯ ಸದ್ದು ಕೇಳಿಸುತ್ತದೆ. ಅಂದರೆ ನೀರವತೆಗೆ ಜನ ಕಡಿಮೆ ಇರಬೇಕು ಅಂತೇನಿಲ್ಲ. ಎಂಜಿನ್ ಕಡಿಮೆ ಇದ್ದರೆ ಸಾಕು. ಆ್ಯಬಿ ಈ ಎರಡನ್ನೂ ಒಂದೇ ಅಂದುಕೊಂಡ.

ಈ ವ್ಯತ್ಯಾಸ ನನಗೆ ಹೊಳೆದದ್ದು ಅಮ್ಮನಿಂದ. ತಿಪಟೂರಿನಿಂದ ಮೂರು ತಿಂಗಳಿಗೆ ಅಂತ ನನ್ನ ಹತ್ತಿರ ಬಂದಿದ್ದರು. ಮಂಡಿ ನೋವು, ಸೈಕಲ್ ಮಾತೇ ಇಲ್ಲ. ನಾನು ತುಳೀತೀನಿ, ನೀವು ಬಸ್ಸಲ್ಲಿ ಬನ್ನಿ, ಕೊನೇ ಸ್ಟಾಪಿನಲ್ಲಿ ಸಿಗೋಣ ಅಂತ ಒಪ್ಪಂದ. ನಾನು ಬೆವರು ಸುರಿಸಿಕೊಂಡು ತಲುಪಿದಾಗ ಅವರು ಬೆಂಚಿನ ಮೇಲೆ ಆರಾಮಾಗಿ ಕೂತಿದ್ದರು.

“ಬೇಜಾರಾಯ್ತಾ ಅಮ್ಮ?”

“ಇಲ್ಲ ಕಣೇ, ಎಲ್ಲೋ ನೀರು ಹರಿಯೋ ಸದ್ದು ಬರ್ತಿತ್ತು. ಎಲ್ಲಿಂದ ಅಂತ ಹುಡುಕ್ತಾ ಕೂತಿದ್ದೆ.”

ಸುತ್ತ ಐವತ್ತು ಜನ ಇದ್ದರು. ಆ್ಯಬಿಯ ಪ್ರಕಾರ ಅಮ್ಮ ರಿಯಾಯಿತಿಯಲ್ಲಿ ಒಳಗೆ ಬಂದವರು. ಆದರೆ ನಾನು ಸೈಕಲ್ಲಿನಲ್ಲಿ ಸಂಪಾದಿಸಿದೆ ಅಂದುಕೊಂಡಿದ್ದ ಆ ಸದ್ದು ಅವರಿಗೂ ಅಷ್ಟೇ ಸಿಕ್ಕಿತ್ತು. ನಿಜ ಹೇಳಬೇಕಂದರೆ, ನನ್ನ ಸೈಕಲ್ ಸವಾರಿ ನಡೀತಿರೋದೇ ಅಮ್ಮ ಕೂತ ಬಸ್ಸಿನಿಂದ. ಬಸ್ಸು ಇಲ್ಲದಿದ್ದರೆ ಕಾರು ನಿಲ್ಲಿಸೋಕೆ ಯಾವ ಪಾರ್ಕಿಗೂ ಧೈರ್ಯ ಬರಲ್ಲ. ಆ್ಯಬಿ ಕೊಸರಿನ ಹಾಗೆ ಎಸೆದ ಬಸ್ಸೇ ಇಡೀ ವ್ಯವಸ್ಥೆಯ ಆಧಾರ.

ಅವನು ಇದನ್ನು ಯಾಕೆ ಕಾಣಲಿಲ್ಲ? ಇದಕ್ಕೆ ಪುಸ್ತಕದ ಹೊರಗೆ ಒಂದು ಸುಳಿವಿದೆ. ಆರ್ಚಸ್‌ನ ಟ್ರೇಲರ್‌ನಲ್ಲಿ ಕೆಲ ಕಾಲ ಹೆಂಡತಿ ಮತ್ತು ಎಳೆ ಮಗ ಅವನ ಜೊತೆ ಇದ್ದರು ಅಂತ ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಪುಸ್ತಕದಲ್ಲಿ ಅವರಿಗೆ ಜಾಗವಿಲ್ಲ. ಹಲವು ಬೇಸಿಗೆಗಳು ಒಂದಾಗಿ, ಒಬ್ಬನೇ ಗಂಡಸು ಉಳಿದಿದ್ದಾನೆ. ಲೇಖಕನಿಗೆ ಆ ಸ್ವಾತಂತ್ರ್ಯ ಇದೆ, ನನ್ನ ತಕರಾರಿಲ್ಲ. ಆದರೆ ಪುಟದಿಂದ ಮನೆಯವರನ್ನು ತೆಗೆದು ಕಟ್ಟಿದ ಏಕಾಂತವನ್ನೇ ಅಳತೆಗೋಲು ಮಾಡಿ ಪಾರ್ಕಿನಲ್ಲಿ ಯಾರಿರಬೇಕು ಅಂತ ತೀರ್ಮಾನಿಸಿದಾಗ ತಕರಾರಿದೆ.

ಹಾಗಂತ ಝಯಾನ್ ಸ್ವರ್ಗ ಅಂತಲೂ ಅಲ್ಲ. ಆ ರಸ್ತೆ ಬಿಟ್ಟರೆ ಪಾರ್ಕಿನ ಉಳಿದ ಕಡೆ ಕಾರುಗಳದ್ದೇ ರಾಜ್ಯ. 1930ರ ಹಳೇ ಸುರಂಗದೊಳಗೆ ಸೈಕಲ್ಲಿಗೆ ಪ್ರವೇಶವಿಲ್ಲ. ನಾವೆಲ್ಲ ಲಾಸ್ ವೇಗಸ್‌ವರೆಗೆ ವಿಮಾನದಲ್ಲಿ ಬಂದು, ಅಲ್ಲಿಂದ ಸುಮಾರು ಮೂರು ಗಂಟೆ ಕಾರು ಓಡಿಸಿ, ಆಮೇಲೆ ‘ಕಾರಿಲ್ಲದ ಪ್ರವಾಸ’ ಅಂತ ಫೋಟೋ ಹಾಕುವವರು. ಗೇಟಿನವರೆಗೆ ಬರೋದು ಹೇಗೆ ಅನ್ನೋ ಪ್ರಶ್ನೆಗೆ ಆ್ಯಬಿಯ ಸಿಟ್ಟಿನಲ್ಲೂ ಉತ್ತರವಿಲ್ಲ. ಇನ್ನು ಅವನು ಗೂಟ ಕಿತ್ತ ಆರ್ಚಸ್‌ನಲ್ಲಿ ಟಾರು ರಸ್ತೆ ಬಂದು, ಕಾರುಗಳ ಸಾಲು ಎಷ್ಟು ಬೆಳೆಯಿತೆಂದರೆ 2022ರಲ್ಲಿ ಮೊದಲೇ ಸಮಯ ಕಾಯ್ದಿರಿಸಿ ಬನ್ನಿ ಅನ್ನೋ ಪ್ರಯೋಗ ಶುರುವಾಯಿತು.

ಇಷ್ಟೆಲ್ಲ ಹೇಳಿಯೂ, ಆ ಅಧ್ಯಾಯ ಓದಲೇಬೇಕು. ಜನ ಹೊಸ ಹೊಸ ಕಾರು ಕೊಂಡು ಸಂಭ್ರಮಿಸುತ್ತಿದ್ದ ಕಾಲದಲ್ಲಿ ಅವನು ಸೈಕಲ್ ಅಂದ, ಬಸ್ ಅಂದ. ಅದು ಸಣ್ಣ ಮಾತಲ್ಲ. ಓದಿ, ಝಯಾನ್‌ಗೆ ಹೋಗೋ ಅವಕಾಶ ಸಿಕ್ಕರೆ ಬೆಳಿಗ್ಗೆ ಬೇಗ ಸೈಕಲ್ ಹತ್ತಿ. ಹಿಂದೆ ಬಸ್ಸು ಬಂದರೆ ಪಕ್ಕಕ್ಕೆ ಸರಿದು ನಿಲ್ಲಿ. ಅದರಲ್ಲಿ ಕೂತವರೂ ಅದೇ ಕಮರಿ ನೋಡೋಕೆ ಬಂದವರು.