ಅಪ್ಪ ಹೇಳದ ಸಾಕ್ಷಿ

ಬದು ತಕರಾರಿನ ಕೇಸಲ್ಲಿ ಅಪ್ಪ ಸಾಕ್ಷಿ ಹೇಳೋ ದಿನ ರಜೆ ಹಾಕಿ ನಮ್ಮ ತಾಲ್ಲೂಕು ಕೋರ್ಟಿಗೆ ಹೋಗಿದ್ದೆ. ಸಿನಿಮಾದಲ್ಲಿ ಇದ್ದ ಹಾಗೆ ಕಟಕಟೆಯಲ್ಲಿ ನಿಂತು ಎಲ್ಲ ಹೇಳ್ತಾನೆ ಅಂದ್ಕೊಂಡಿದ್ದೆ. ಪ್ರಮಾಣ ಮಾಡಿದ ಮೇಲೆ ಅವನು ಹೇಳಿದ್ದು, "ಸಹಿ ನಂದೇ ಸ್ವಾಮಿ." ಉಳಿದದ್ದೆಲ್ಲ ವಕೀಲರು ಮೊದಲೇ ಟೈಪ್ ಮಾಡಿಸಿದ್ದ ಪ್ರಮಾಣಪತ್ರದಲ್ಲಿತ್ತು.

ಇದು ಆ ಕೋರ್ಟಿನ ತಪ್ಪಲ್ಲ, ಕಾನೂನೇ ಹಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸಾಕ್ಷಿ ನ್ಯಾಯಾಧೀಶರ ಎದುರು, ತೆರೆದ ನ್ಯಾಯಾಲಯದಲ್ಲಿ, ಬಾಯಿಮಾತಿನಲ್ಲೇ ಹೇಳಬೇಕಿತ್ತು. 2002ರ ಜುಲೈ 1ರಿಂದ 18ನೇ ಆದೇಶದ 4ನೇ ನಿಯಮ ಬದಲಾಯ್ತು. ಮುಖ್ಯ ವಿಚಾರಣೆ ಪ್ರಮಾಣಪತ್ರದಲ್ಲಿ, ಪಾಟೀಸವಾಲು ಮಾತ್ರ ಬಾಯಲ್ಲಿ. ಉದ್ದೇಶ ಒಳ್ಳೇದೇ, ಕೋರ್ಟಿನ ಸಮಯ ಉಳೀಬೇಕು.

ಆದರೆ ಹಳೇ ಪದ್ಧತಿಗೊಂದು ಕಾವಲಿತ್ತು. ಎದುರು ಪಕ್ಷ ಆಕ್ಷೇಪಿಸಿದರೆ, ಕೋರ್ಟಿನ ಅನುಮತಿಯಿಲ್ಲದೆ, ಉತ್ತರವನ್ನೇ ಬಾಯಿಗಿಡುವಂಥ ಪ್ರಶ್ನೆಯನ್ನು ಸ್ವಂತ ವಕೀಲರು ಕೇಳುವಂತಿರಲಿಲ್ಲ. 1872ರ ಸಾಕ್ಷ್ಯ ಕಾಯ್ದೆಯ ಮಾತಿದು. ಪ್ರಮಾಣಪತ್ರದಲ್ಲಿ ಪ್ರಶ್ನೆಯೇ ಇಲ್ಲ, ಬರೀ ಉತ್ತರ. ಅದೂ ವಕೀಲರ ಭಾಷೆಯಲ್ಲಿ.

"ಸದರಿ ಸ್ವತ್ತಿನ ನಿರಾತಂಕ ಸ್ವಾಧೀನಾನುಭವ" ಅಂತ ಅಪ್ಪ ಜನ್ಮದಲ್ಲಿ ಅಂದವನಲ್ಲ. ಎದುರು ವಕೀಲರು ಅದೇ ಪದ ಹಿಡಿದು ಕೇಳಿದಾಗ ತಡವರಿಸಿದ. ಬದುವಿನ ಹುಣಸೆಮರ ನಮ್ಮಜ್ಜ ನೆಟ್ಟಿದ್ದು ಅಂತ ಮನೇಲಿ ನೂರು ಸಲ ಹೇಳಿದ್ದ. ಅದು ಆ ಕಾಗದದಲ್ಲೂ ಇರಲಿಲ್ಲ, ಅವನನ್ನು ಯಾರೂ ಕೇಳಲೂ ಇಲ್ಲ.

ಕೆಲಸ ಬೇಗ ಆಗಲಿ ಅಂತ ನಾವೂ ಕೋಡಿನಲ್ಲಿ ಎಷ್ಟೋ ಹಂತ ಕಿತ್ತುಹಾಕ್ತೀವಿ. ಆದರೆ ಇನ್‌ಪುಟ್ಟನ್ನೇ ಕಿತ್ತುಹಾಕಲ್ಲ. ಪಾಟೀಸವಾಲಿಗೆ ಮುಂಚೆ ಸಾಕ್ಷಿಗೆ ಹತ್ತು ನಿಮಿಷ, ತನ್ನ ಮಾತಲ್ಲೇ ಹೇಳೋಕೆ ಬಿಟ್ಟರೆ ಸಾಕು.