ಐಸ್ಯಾಟ್ ಪರೀಕ್ಷೆಯ ಫಲವಿಚಾರ

ಮಿದುಳಿನ ಧಮನಿಯ ಉಬ್ಬು, ಅರ್ಥಾತ್ ಅನ್ಯೂರಿಸಂ, ಒಡೆದಾಗ ತಲೆಬುರುಡೆಯನ್ನು ತೆರೆದು ಕ್ಲಿಪ್ಪು ಹಾಕುವುದು ಲೇಸೋ, ತೊಡೆಯ ನಾಳದ ಮಾರ್ಗವಾಗಿ ಪ್ಲಾಟಿನಂ ಸುರುಳಿಯನ್ನು ತುಂಬುವುದು ಲೇಸೋ ಎಂಬ ವಿವಾದಕ್ಕೆ ೨೦೦೨ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಐಸ್ಯಾಟ್ ಪರೀಕ್ಷೆಯು ಉತ್ತರವಿತ್ತಿತು. ವರ್ಷಾಂತ್ಯದಲ್ಲಿ ಮೃತರು ಅಥವಾ ಪರಾಧೀನರು ಸುರುಳಿಯ ಪಕ್ಷದಲ್ಲಿ ನೂರಕ್ಕೆ ೨೩.೭, ಕ್ಲಿಪ್ಪಿನ ಪಕ್ಷದಲ್ಲಿ ೩೦.೬. ಅಂತರವು ಅಲ್ಪವಲ್ಲ. ಸುರುಳಿಯವರಲ್ಲಿ ಪುನಃ ರಕ್ತಸ್ರಾವವು ತುಸು ಅಧಿಕವೆಂಬುದು ನಿಜ; ಆದರೂ ಬ್ರಿಟನ್ನಿನ ರೋಗಿಗಳನ್ನು ಕುರಿತ ೨೦೧೫ರ ವರದಿಯಲ್ಲಿ, ಹತ್ತು ವರ್ಷಗಳ ಮೇಲೆ ಸ್ವಾಧೀನರಾಗಿ ಬದುಕಿರುವ ಸಂಭವವು ಆ ಪಕ್ಷಕ್ಕೇ ಹೆಚ್ಚಾಗಿ ಕಂಡಿತು.

ಆದರೆ ಪರಿಶೀಲಿತರಾದ ೯೫೫೯ ಮಂದಿಯಲ್ಲಿ ಪರೀಕ್ಷೆಗೆ ಸೇರಿದವರು ೨೧೪೩. ಎರಡರಲ್ಲಿ ಯಾವುದು ಮೇಲೆಂದು ವೈದ್ಯರಿಗೇ ನಿಶ್ಚಯವಿಲ್ಲದವರು, ಬಹುಮಟ್ಟಿಗೆ ಮುಂಭಾಗದ ಧಮನಿಗಳಲ್ಲಿ ಚಿಕ್ಕ ಉಬ್ಬುಳ್ಳವರು. ಇವರಲ್ಲಿ ಸಿದ್ಧವಾದುದನ್ನು ಸಕಲರಿಗೂ ಹೇಳುವುದು ತಾರ್ಕಿಕರ ಅತಿವ್ಯಾಪ್ತಿಗೆ ಸಮಾನವಾದ ದೋಷ. ಹೊರಗುಳಿದ ಏಳು ಸಾವಿರಕ್ಕೆ ಮಿಕ್ಕ ರೋಗಿಗಳ ವಿಷಯದಲ್ಲಿ ಈ ಅಂಕಗಳು ಮೂಕವಾಗಿವೆ.