ಎಲೆ ತಿನ್ನಲು ಬಿಡುವ ತೋಟ

ಚಿಟ್ಟೆಗಳಿಗಾಗಿ ತೋಟ ಮಾಡಲು ಹೊರಟವರು ಮೊದಲು ನರ್ಸರಿಯಿಂದ ಹೂಗಿಡ ತರುತ್ತಾರೆ. ಚಿಟ್ಟೆ ಬಂದು ಮಕರಂದ ಹೀರುತ್ತದೆ. ಆದರೆ ಮೊಟ್ಟೆಯಿಡಲು ಅದಕ್ಕೆ ತನ್ನ ಮರಿಹುಳು ತಿನ್ನಬಲ್ಲ ಗಿಡವೇ ಬೇಕು. ಆ ಗಿಡವಿಲ್ಲದ ತೋಟದಲ್ಲಿ ಚಿಟ್ಟೆಯ ಸಂತತಿ ಬೆಳೆಯದು.

ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು 7.35 ಎಕರೆಯಲ್ಲಿ ರೂಪಿಸಿರುವ ಚಿಟ್ಟೆ ಪಾರ್ಕಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. 2006ರಲ್ಲಿ ಬನ್ನೇರುಘಟ್ಟದಲ್ಲಿ ತೆರೆದ ದೇಶದ ಮೊದಲ ಚಿಟ್ಟೆ ಪಾರ್ಕಿನಲ್ಲಿ ಚಿಟ್ಟೆಗಳಿರುವುದು ಗುಮ್ಮಟದೊಳಗೆ. ಮಕ್ಕಳಿಗೆ ಅವುಗಳನ್ನು ಹತ್ತಿರದಿಂದ ತೋರಿಸಲು ಅದು ಒಳ್ಳೆಯ ಪಾಠಶಾಲೆ. ಬೆಳುವಾಯಿಯಲ್ಲಿ ಬಲೆಯೂ ಇಲ್ಲ, ಮಾಡೂ ಇಲ್ಲ. ಮರಿಹುಳುಗಳ ಆಹಾರ ಸಸ್ಯಗಳನ್ನು ಬೆಳೆಸಿ, ಬರುವುದು ಹೋಗುವುದನ್ನು ಚಿಟ್ಟೆಗಳಿಗೇ ಬಿಡಲಾಗಿದೆ. ನಮ್ಮ ರಾಜ್ಯದ ಚಿಟ್ಟೆಯಾದ ಸಹ್ಯಾದ್ರಿ ಬರ್ಡ್‌ವಿಂಗ್‌ನ ಮರಿಹುಳು ಈಶ್ವರಿ ಬಳ್ಳಿಯಂಥ ಕೆಲವೇ ಸಸ್ಯಗಳನ್ನು ತಿಂದು ಬದುಕುತ್ತದೆ. ಅಂಥ ಚಿಟ್ಟೆಗೆ ಬಳ್ಳಿ ನೆಡುವುದಕ್ಕಿಂತ ದೊಡ್ಡ ಉಪಕಾರವಿಲ್ಲ.

ಈ ಮಾದರಿಗೆ ಮಿತಿಯೂ ಇದೆ. ಬೆಳುವಾಯಿಗೆ ಪಶ್ಚಿಮ ಘಟ್ಟದ ಸಾಮೀಪ್ಯ ಸಿಕ್ಕಿದೆ. ಬೆಂಗಳೂರಿನ ಸೈಟಿಗೆ ಆ ಭಾಗ್ಯವಿಲ್ಲ. ಹಾಗಾಗಿ ನಗರದವರು ಅಲ್ಲಿಂದ ಗಿಡಗಳ ಪಟ್ಟಿಯನ್ನಲ್ಲ, ತತ್ತ್ವವನ್ನು ತರಬೇಕು. ಕುಂಡದ ಕರಿಬೇವಿನಲ್ಲೇ ನಿಂಬೆ ಚಿಟ್ಟೆಯ ಹುಳು ಬೆಳೆಯುತ್ತದೆ. ಬೇಲಿಯ ಎಕ್ಕದಲ್ಲಿ ಪ್ಲೇನ್ ಟೈಗರ್ ಚಿಟ್ಟೆಯದು. ಲಂಟಾನವನ್ನು ಮಾತ್ರ ನೆಡಬಾರದು. ಅದರ ಹೂವಿಗೆ ಚಿಟ್ಟೆಗಳು ಮುತ್ತುವುದು ನಿಜ, ಆದರೆ ಬಂಡೀಪುರದ ಕಾಡನ್ನು ಅದು ಹೇಗೆ ಆಕ್ರಮಿಸಿದೆ ಎಂಬುದನ್ನು ನಾಡೇ ನೋಡಿದೆ.

ಚಿಟ್ಟೆಯ ಬಣ್ಣಕ್ಕೆ ಮರುಳಾದವರು ದುಂಬಿ, ಜೇನುಗಳನ್ನು ಮರೆಯುವುದು ಇನ್ನೊಂದು ಕೊರತೆ. ನೀಲಿ ಪಟ್ಟೆಯ ಒಂಟಿ ಜೇನು ಟೊಮೆಟೊ, ಬದನೆ ಹೂವನ್ನು ಹಿಡಿದು ಮೈ ಕಂಪಿಸಿ ಪರಾಗ ಉದುರಿಸುತ್ತದೆ. ತುಡುವೆ ಜೇನಿಗೆ ಆ ವಿದ್ಯೆ ಬಾರದು. ಇಷ್ಟು ಉಪಕಾರಿಯಾದ ಈ ಜೇನು ಗೂಡು ತೋಡುವುದು ಮಣ್ಣಿನಲ್ಲಿ. ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ ಅಂಚಿನಲ್ಲಿ ಹೂ ಬೆಳೆಸಿದರೆ ಅದಕ್ಕೆ ಮನೆಯೆಲ್ಲಿ? ಮರ ಕೊರೆಯುವ ಕಪ್ಪು ದುಂಬಿಗೆ ಒಣಗಿದ ಕೊಂಬೆ ಬೇಕು. ನಾವು ಅದನ್ನು ಕಸವೆಂದು ಸುಡುತ್ತೇವೆ.

ಹೀಗಾಗಿ ಜೀವಿಗಳ ತೋಟಕ್ಕೆ ಬೇಕಾದ ಮೊದಲ ಗುಣ ಸಹನೆ. ಕರಿಬೇವಿನ ಎಲೆ ತೂತಾದೊಡನೆ ಔಷಧಿ ಹೊಡೆಯುವ ಕೈ, ಹೂವಿಗೆ ಚಿಟ್ಟೆ ಬರಲೆಂದು ಬಯಸುವುದು ನ್ಯಾಯವಲ್ಲ. ಬೆಳುವಾಯಿಯ ಪ್ರಯೋಗ ನನಗೆ ದೊಡ್ಡದಾಗಿ ಕಾಣುವುದು ಹುಳುವಿನ ಹಸಿವಿಗೂ ತೋಟದಲ್ಲಿ ಹಕ್ಕಿದೆಯೆಂದು ಅದು ಒಪ್ಪಿಕೊಂಡಿರುವುದರಿಂದ. ಆ ಹಕ್ಕನ್ನು ಕೊಡಲು ಏಳು ಎಕರೆ ಬೇಕಿಲ್ಲ, ಒಂದು ಕುಂಡ ಸಾಕು.